ಮುಳ್ಳು ತಂದ ನಾಯಕ

ಕಾಡಿನ ಫುಟ್‌ಬಾಲ್ ಕಪ್ಪನ್ನು ವರ್ಷವರ್ಷವೂ ಮೊಲಗಳ ತಂಡವೇ ಗೆಲ್ಲುತ್ತಿತ್ತು. ಸೋತು ಸೋತು ರೋಸಿಹೋದ ನರಿಗಳ ನಾಯಕ, ಫೈನಲ್ ದಿನ ಬೆಳಗ್ಗೆಯೇ ಬಾಯ್ತುಂಬ ಜಾಲಿಮುಳ್ಳು ಕಚ್ಚಿಕೊಂಡು, ಮೊಲಗಳು ಬರುವ ದಾರಿಯಲ್ಲಿ ಹರಡಲು ಹೊರಟ. ದಾರಿಗೆ ಹೋಗಲು ಮೈದಾನ ದಾಟಬೇಕಿತ್ತು; ಅಲ್ಲಿ ಮೊಲಗಳ ನಾಯಕಿ ಆಗಲೇ ಗುಂಡಿಯೊಂದಕ್ಕೆ ಮಣ್ಣು ತುಂಬುತ್ತಿದ್ದಳು.

“ಬನ್ನಿ ನರಿಯಣ್ಣ. ಹೋದ ಸಲ ನಿಮ್ಮ ಆಟಗಾರ ಇಲ್ಲೇ ಎಡವಿ ಕಾಲು ಉಳುಕಿಸಿಕೊಂಡನಲ್ಲ, ಅದಕ್ಕೇ ಮುಚ್ಚುತ್ತಿದ್ದೇನೆ. ಓ, ನೀವು ಬೇಲಿಗೆ ಮುಳ್ಳು ತಂದಿರಾ? ಹಂದಿ ನುಗ್ಗುವ ಕಂಡಿ ಅಲ್ಲಿದೆ. ದೊಡ್ಡ ಉಪಕಾರವಾಯಿತು!”

ನಾಯಕ ತಲೆಯೆತ್ತದೆ ಹೋಗಿ ಕಂಡಿಗೆ ಮುಳ್ಳು ಹಾಕಿದ. ಸಂಜೆ ಮತ್ತೆ ಮೊಲಗಳೇ ಗೆದ್ದವು.

“ಪ್ರತಿಸಲ ಅವರೇ ಹೇಗೆ ಗೆಲ್ಲುತ್ತಾರೆ, ನಾಯಕರೇ?” ಎಂದು ಜೊತೆಯ ನರಿಗಳು ಕೇಳಿದವು.

ನಾಯಕನಿಗೆ ಉತ್ತರ ಗೊತ್ತಿತ್ತು. ನಾಚುತ್ತಲೇ ಹೋಗಿ ಮೈದಾನದ ಇನ್ನೊಂದು ಗುಂಡಿಗೆ ಮಣ್ಣು ತುಂಬತೊಡಗಿದ.