ಮೈನಾ ಅಳಿಸಿದ ಗೆರೆ

ಮಕ್ಕಳೇ, ಬಿದಿರುಕಾಡಿನ ನಡುವೆ ಒಂದು ಕೆರೆ. ಅದರ ಕಾಲುವೆ, ಏರಿ, ಗುಂಡಿಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವರು ಏಡಿಗಳು. ಕೆಲಸದಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಆದರೆ ಅವರದ್ದೊಂದು ವಿಚಿತ್ರ ಪದ್ಧತಿ. ದಡದ ಬಂಡೆಯ ಮೇಲೆ ಜೇಡಿಮಣ್ಣಿನಲ್ಲಿ ಬರೆದ ಕೆರೆಯ ನಕ್ಷೆ ಇತ್ತು. ಅಲ್ಲಿ ಹೊಸ ಗೆರೆ ಕಂಡರೆ ತೋಡುತ್ತಿದ್ದರು. ಇದ್ದ ಗೆರೆ ಅಳಿಸಿದ್ದರೆ ಮುಚ್ಚಿಬಿಡುತ್ತಿದ್ದರು. ಯಾಕೆ, ಏನು ಎಂದು ಕೇಳುವ ಜಾಯಮಾನವೇ ಅವರದ್ದಲ್ಲ.

ಅದಕ್ಕೇ, ಆ ನಕ್ಷೆ ಬರೆಯುತ್ತಿದ್ದ ಆಮೆಯಜ್ಜಿ ಒಂದು ಕಟ್ಟುಪಾಡು ಮಾಡಿದ್ದಳು. ದಿನವೂ ಬೆಳಿಗ್ಗೆ ಏಡಿಗಳ ಯಜಮಾನ ಡೊಂಕಯ್ಯ, ತೋಡುವುದೇನು, ಮುಚ್ಚುವುದೇನು ಎಂದು ಪಟ್ಟಿ ಓದಬೇಕು. ಅಜ್ಜಿ ಕೇಳಿ, ಒಪ್ಪಿದರೆ ಬಂಡೆಗೆ ಕಾಲಿನಿಂದ ಟಕ್ ಎಂದು ಕುಟ್ಟಬೇಕು. ಆಮೇಲೇ ಕೆಲಸ.

ಆ ಬೇಸಿಗೆಯಲ್ಲಿ ಕೆರೆಯ ನೀರು ಇಳಿಯತೊಡಗಿತು. ಪಕ್ಕದ ಹಳ್ಳ ಬತ್ತುವ ಮುಂಚೆ ಅಲ್ಲಿಂದ ಹೊಸ ಕಾಲುವೆ ತರಬೇಕಿತ್ತು. ಅಜ್ಜಿಯೋ ಒಂದು ಗೆರೆ ಎಳೆಯಲು ಎರಡು ದಿನ ತೆಗೆದುಕೊಳ್ಳುತ್ತಿದ್ದಳು!

ಆಗ ಬಂದಳು ಮೈನಾ ಚುರುಕಿ. ಕಾಡಿನ ಎಲ್ಲರ ಮಾತೂ ಅವಳಿಗೆ ಬರುತ್ತಿತ್ತು, ಏಡಿಗಳದ್ದೂ ಕೂಡ.

"ಅಜ್ಜೀ, ಏನು ಬೇಕು ಅಂತ ಹೇಳಿ ಸಾಕು. ಗೆರೆ ನಾನು ಎಳೀತೀನಿ, ಏಡಿಗಳಿಗೂ ನಾನೇ ಹೇಳ್ತೀನಿ."

"ಆಗಲಿ ಮಗಳೇ. ಆದರೆ ಪಟ್ಟಿ ಓದದೆ ಕೆಲಸ ಶುರುವಾಗಬಾರದು."

ಮಧ್ಯಾಹ್ನದೊಳಗೆ ಹೊಸ ಕಾಲುವೆಯ ಮೂರು ಭಾಗ ಸಿದ್ಧ! ಕಾಡಿಗೆ ಕಾಡೇ ಕುಣಿಯಿತು. ಹೊಗಳಿಕೆ ಕೇಳಿ ಚುರುಕಿಗೆ ಒಂದೇ ದಿನದಲ್ಲಿ ತಲೆ ತಿರುಗಿತು.

ಮರುದಿನ ಅಜ್ಜಿ ಇನ್ನೂ ದಾರಿಯಲ್ಲಿದ್ದಳು. ಚುರುಕಿ ಹೊಸ ಗೆರೆ ಎಳೆದು ಮುಗಿಸಿದಳು. ಮೂಲೆಯಲ್ಲೊಂದು ಪುಟ್ಟ ಸೊಟ್ಟ ಗೆರೆ ಕಣ್ಣಿಗೆ ಬಿತ್ತು.

"ಇದಕ್ಕೆ ನೀರು ಬರುವ ದಾರಿಯೂ ಇಲ್ಲ, ಹೋಗುವ ದಾರಿಯೂ ಇಲ್ಲ. ಅಂದಗೆಡಿಸಲಿಕ್ಕೆ ಯಾಕಿದೆಯೋ!" ಎಂದು ರೆಕ್ಕೆಯಿಂದ ಒರೆಸಿಬಿಟ್ಟಳು.

"ಪಟ್ಟಿ ಓದಲೇನಮ್ಮಾ?" ಎಂದ ಡೊಂಕಯ್ಯ.

"ನಾನೇ ಬರೆದದ್ದು, ನನಗೆ ಗೊತ್ತಿಲ್ವಾ? ಹೊತ್ತಾಗುತ್ತೆ, ಹೊರಡಿ!" ಎಂದವಳೇ ಕೊಕ್ಕಿನಲ್ಲಿ ಕಲ್ಲು ಹಿಡಿದು ಬಂಡೆಗೆ ಟಕ್ ಎಂದು ಕುಟ್ಟಿದಳು.

ಏಡಿಗಳು ಹೊರಟರು. ಸ್ವಲ್ಪ ಹೊತ್ತಿಗೇ ಕಪ್ಪೆ ನಿಂಗಕ್ಕನ ಕೂಗು ಕೇಳಿತು.

"ಅಯ್ಯೋ, ನಿಲ್ಲಿಸ್ರಪ್ಪಾ! ಆ ಗುಂಡಿಯಲ್ಲಿ ನನ್ನ ಮರಿಗಳಿವೆ!"

"ಈ ಗುಂಡಿಯ ಗೆರೆ ಇಲ್ಲವಲ್ಲ ನಿಂಗಕ್ಕಾ, ನಾವೇನು ಮಾಡೋಣ?" ಎನ್ನುತ್ತ ಏಡಿಗಳು ಮಣ್ಣು ತಳ್ಳುತ್ತಲೇ ಇದ್ದರು.

ಚುರುಕಿ ಕೂಡಲೇ ಬಂಡೆಗೆ ಹಾರಿದಳು. ಆದರೆ ಆ ಸೊಟ್ಟ ಗೆರೆ ಎಲ್ಲಿ ಬಾಗಿತ್ತು? ನೆನಪಿಲ್ಲ! ಅಂದಾಜಿನಲ್ಲಿ ಎಳೆಯಹೋದಳು.

"ತಡಿ!" ಏದುಸಿರು ಬಿಡುತ್ತ ಬಂದ ಅಜ್ಜಿ ಗದರಿದಳು. "ಇನ್ನೊಂದು ಚೂರು ಉದ್ದವಾದರೆ ಏಡಿಗಳು ಏರಿಯನ್ನೇ ಒಡೆದಾರು. ಬಂಡೆಯ ಹಿಂಬದಿ ನೋಡು. ಪ್ರತಿ ಸಲದ ನಕ್ಷೆಯನ್ನೂ ಅಲ್ಲಿ ಗೀಚಿಟ್ಟಿದ್ದೀನಿ."

ಚುರುಕಿ ಹಿಂಬದಿ ನೋಡಿ ಇದ್ದದ್ದನ್ನು ಇದ್ದ ಹಾಗೆಯೇ ಬರೆದಳು. ಡೊಂಕಯ್ಯ ಪಟ್ಟಿ ಓದಿದ. ಅಜ್ಜಿ ಕುಟ್ಟಿದಳು. ಏಡಿಗಳು ಮುಚ್ಚಿದ ಮಣ್ಣನ್ನು ಸರಸರನೆ ತೆಗೆದರು. ರಾಡಿಯೊಳಗಿಂದ ಪುಟಾಣಿ ಬಾಲಗಳು ಒಂದೊಂದಾಗಿ ಅಲ್ಲಾಡಿದವು. ಎಲ್ಲವೂ ಬದುಕಿದ್ದವು! ನಿಂಗಕ್ಕ ಗಳಗಳನೆ ಅತ್ತಳು.

"ಈ ಹಕ್ಕಿಯನ್ನು ಓಡಿಸಿ!" ಎಂದು ಮೊಲ ಕೂಗಿತು.

"ಓಡಿಸಿದರೆ ಕಾಲುವೆ ಮುಗಿಸೋರು ಯಾರು?" ಎಂದಳು ಅಜ್ಜಿ. "ಇವಳ ವೇಗ ನಮಗೆ ಬೇಕು. ಆದರೆ ಟಕ್ ಅನ್ನಿಸೋದು ಇನ್ನು ನನ್ನ ಕಾಲು ಮಾತ್ರ. ಬೇರೆ ಸದ್ದಿಗೆ ಹೊರಟೀರಿ ಜೋಕೆ, ಡೊಂಕಯ್ಯಾ!"

ಈಗ ನಮ್ಮಲ್ಲೂ ಹಾಗೆಯೇ, ಮಕ್ಕಳೇ. ಏನೇನು ಇರಬೇಕು ಎಂದು ಬರೆದುಕೊಟ್ಟರೆ ಕಂಪ್ಯೂಟರುಗಳ ವ್ಯವಸ್ಥೆಯನ್ನೇ ಕಟ್ಟುವ, ಅಳಿಸಿದರೆ ಕೆಡವುವ ಉಪಕರಣಗಳಿವೆ. ಆ ಬರಹವನ್ನು ಕ್ಷಣದಲ್ಲಿ ಬರೆಯುವ ಜಾಣ ಯಂತ್ರಗಳೂ ಬಂದಿವೆ. ಜೋಡಿ ಚೆನ್ನಾಗಿಯೇ ಇದೆ. ಅಜ್ಜಿಯ ಕಾಲೊಂದನ್ನು ಮರೆಯಬಾರದು, ಅಷ್ಟೇ.

ಅತ್ತ ಕಾಡಿನಲ್ಲಿ, ಮರುದಿನದಿಂದ ಅಜ್ಜಿಯ ಬೆನ್ನ ಮೇಲೆ ಕೂತು ಡೊಂಕಯ್ಯನ ಪಟ್ಟಿಯನ್ನು ಚುರುಕಿಯೇ ಓದತೊಡಗಿದಳು. ಹಳ್ಳ ಬತ್ತುವ ಮುಂಚೆ ಕಾಲುವೆ ಕೆರೆ ಮುಟ್ಟುವ ದಿನವೂ ಬಂತು.

"ತೋಡುವುದು, ಕೊನೆಯ ಹತ್ತು ಮಾರು. ಮುಚ್ಚುವುದು, ಏನೂ ಇಲ್ಲ."

ಗುಂಡಿಯ ಅಂಚಿನಿಂದ ನಿಂಗಕ್ಕ ಕೇಳಿದಳು, "ಆ ಮುಚ್ಚುವ ಸಾಲನ್ನು ಇನ್ನೊಂದು ಸಲ ಓದಮ್ಮಾ."

ಚುರುಕಿ ರೆಕ್ಕೆ ಮಡಚಿ, ನಿಧಾನವಾಗಿ ಇನ್ನೊಂದು ಸಲ ಓದಿದಳು. ಆಮೇಲೇ ಅಜ್ಜಿ ಕಾಲೆತ್ತಿದಳು.

ನೀತಿ: ಚುರುಕಾದವರಿಗೆ ಕೆಲಸ ಒಪ್ಪಿಸಿ, ಆದರೆ ಏನು ಕಟ್ಟುತ್ತಾರೆ, ಏನು ಕೆಡವುತ್ತಾರೆ ಎಂಬುದನ್ನು ಓದಿ ನೋಡದೆ ಒಪ್ಪಿಗೆ ಕೊಡಬೇಡಿ.