ಮೊದಲ ಲೋಟದ ಮಜ್ಜಿಗೆ

“ಹಿತವಾಗುವುದು ತಪ್ಪೇ, ಗುರುಗಳೇ?” ಎಂದು ಶಿಷ್ಯ ಕೇಳಿದ.

ಚೈತ್ರದ ಒಂದು ಬೆಳಿಗ್ಗೆ. ಮಠದ ಅಂಗಳದಲ್ಲಿ ಬೇವು ಹೂ ಬಿಟ್ಟಿತ್ತು. ಶಿಷ್ಯ ಮಠ ಸೇರಿ ಮೂರು ವರ್ಷವಾಗಿತ್ತು. ಮನಸ್ಸಿನಲ್ಲಿದ್ದುದನ್ನು ಮುಚ್ಚಿಡುವುದು ಅವನಿಗೆ ಇನ್ನೂ ಬಂದಿರಲಿಲ್ಲ. “ಜಪಕ್ಕೆ ಕೂತರೆ ಬೇವಿನ ಹೂವಿನ ವಾಸನೆ ಬರುತ್ತದೆ. ಗಾಳಿ ಬೀಸಿದರೆ ಮೈ ಹಗುರವಾಗುತ್ತದೆ. ನಿನ್ನೆ ಭಕ್ತರು ತಂದ ಪಾನಕ ಕುಡಿದೆ, ಇನ್ನೊಂದು ಲೋಟ ಬೇಕೆನಿಸಿತು. ಎಲ್ಲವನ್ನೂ ಬಿಟ್ಟು ಬಂದವನಿಗೆ ಹೀಗೆಲ್ಲ ಏಕೆ ಅನಿಸಬೇಕು? ಇಂದಿನಿಂದ ಕಿಟಕಿ ಮುಚ್ಚಿ ಕೂರುತ್ತೇನೆ, ಪಾನಕ ಮುಟ್ಟುವುದಿಲ್ಲ. ತಾವು ಅಪ್ಪಣೆ ಕೊಡಬೇಕು” ಎಂದ.

ಗುರುಗಳು ಅಪ್ಪಣೆ ಕೊಡಲಿಲ್ಲ, ಬೇಡವೆಂದೂ ಹೇಳಲಿಲ್ಲ. ಒಂದು ಕತೆ ಹೇಳಿದರು.

ಬಯಲುಸೀಮೆಯ ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಆ ಊರಿನಿಂದ ಸಂತೆಗೆ ಹೋಗುವ ದಾರಿಯಲ್ಲಿ ಒಂದು ದೊಡ್ಡ ಹೊಂಗೆಮರ, ಅದರ ಬುಡದಲ್ಲಿ ಕಲ್ಲುಕಟ್ಟೆ. ವರ್ತಕನ ತಂದೆ ಅಲ್ಲಿ ಅರವಟ್ಟಿಗೆ ನಡೆಸುತ್ತಿದ್ದ. ಯುಗಾದಿಯ ಮರುದಿನ ಗಡಿಗೆ ಇಟ್ಟರೆ ವೈಶಾಖ ಮುಗಿಯುವವರೆಗೆ ದಾರಿಹೋಕರಿಗೆಲ್ಲ ಮಜ್ಜಿಗೆ. ಯಾವ ಊರು, ಯಾವ ಕುಲ ಎಂದು ಯಾರನ್ನೂ ಕೇಳುವಂತಿರಲಿಲ್ಲ.

ತಂದೆಗೆ ಒಂದು ರೂಢಿಯಿತ್ತು. ಗಡಿಗೆ ಇಳಿಸಿದ ಕೂಡಲೇ ಮೊದಲ ಲೋಟವನ್ನು ತಾನೇ ಕುಡಿಯುವನು. ಮೀಸೆ ಒರೆಸಿಕೊಂಡು ಕಟ್ಟೆಯ ಮೇಲೆ ಕಾಲು ಚಾಚಿ ಕೂರುವನು. ಹೊಂಗೆಯ ಹೂ ಮೈಮೇಲೆ ಉದುರಿದರೆ ಕೊಡವುತ್ತಿರಲಿಲ್ಲ. ಮಾವಿನಕಾಯಿ ಹೆಚ್ಚಿ ಉಪ್ಪು ಖಾರ ಹಚ್ಚಿ ಬಂದವರಿಗೆ ಒಂದೊಂದು ಹೋಳು ಕೊಡುವನು, ತಾನೂ ಒಂದು ಬಾಯಿಗೆ ಹಾಕಿಕೊಳ್ಳುವನು. ಮಧ್ಯಾಹ್ನ ಕಣ್ಣು ಎಳೆದರೆ ದಾರಿಹೋಕರ ಜೊತೆ ತಾನೂ ಒಂದು ನಿದ್ದೆ ತೆಗೆಯುವನು. ‘ಶೆಟ್ಟರ ಅರವಟ್ಟಿಗೆಗೆ ಶೆಟ್ಟರೇ ಮೊದಲ ಗಿರಾಕಿ’ ಎಂದು ಊರವರು ನಗುತ್ತಿದ್ದರು. ಅದನ್ನು ಕೇಳಿ ತಂದೆಯೂ ನಗುತ್ತಿದ್ದ. ಮಗ ಮಾತ್ರ ತಲೆ ತಗ್ಗಿಸುತ್ತಿದ್ದ.

ಒಂದು ಮಾಘದಲ್ಲಿ ತಂದೆ ತೀರಿಕೊಂಡ. ಹಳೆಯ ನಾಚಿಕೆ ಈಗ ಮಗನಲ್ಲಿ ಭಯವಾಗಿ ಬೆಳೆಯಿತು. ದೇವರಿಗೆ ಇಡುವ ಅಡಿಗೆಯನ್ನು ಇಡುವ ಮುಂಚೆ ರುಚಿ ನೋಡಿದರೆ ಅದು ಎಂಜಲಾಗುತ್ತದೆ. ಇದು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ದಾನಕ್ಕೂ ಅದೇ ನಿಯಮವಿರಬೇಕು ಎಂದು ಮಗ ಭಾವಿಸಿದ. ಹಾಗಿದ್ದರೆ ತಂದೆ ಇಪ್ಪತ್ತು ವರ್ಷ ಕೊಟ್ಟದ್ದೆಲ್ಲ ಎಂಜಲು. ಎಂಜಲು ಕೊಟ್ಟವನಿಗೆ ಎಲ್ಲಿಯ ಪುಣ್ಯ, ಎಲ್ಲಿಯ ಸದ್ಗತಿ? ಅಪ್ಪ ಈಗ ಎಲ್ಲಿ ಅಲೆಯುತ್ತಿದ್ದಾನೋ ಎಂದು ಅವನಿಗೆ ಊಟ ಸೇರದಾಯಿತು. ತಂದೆಯ ವಿಷಯದಲ್ಲಿ ನಾಚಿಕೆ ಎಷ್ಟಿತ್ತೋ ಪ್ರೀತಿ ಅದಕ್ಕಿಂತ ಹೆಚ್ಚಿತ್ತು.

ಯುಗಾದಿ ಬಂತು. ವರ್ತಕ ಎಣ್ಣೆಸ್ನಾನ ಮಾಡಿ, ಬೇವುಬೆಲ್ಲ ಮುಟ್ಟುವ ಮೊದಲೇ ಒಂದು ವ್ರತ ಹಿಡಿದ. ಈ ವಸಂತವಿಡೀ ಅರವಟ್ಟಿಗೆ ನಡೆಸಬೇಕು. ಮಜ್ಜಿಗೆಯ ಒಂದು ಹನಿಯೂ ತನ್ನ ನಾಲಗೆಗೆ ತಾಗಬಾರದು. ಹೊಂಗೆಯ ನೆರಳಿಗೆ ತಾನು ಕಾಲಿಡಬಾರದು. ದಿನವೂ ಹೊತ್ತು ಮುಳುಗುವುದರೊಳಗೆ ಬಾಯಾರಿದವರೇ ಕುಡಿದು ಗಡಿಗೆ ಬರಿದಾಗಬೇಕು. ಒಂದು ದಿನವೂ ತಪ್ಪದೆ ಹೀಗೆ ನಡೆದರೆ ತಂದೆಯ ದೋಷ ಕಳೆದು ಅವನಿಗೆ ಸದ್ಗತಿ. ಹೀಗೆಂದು ಯಾವ ಶಾಸ್ತ್ರಿಯೂ ಅವನಿಗೆ ಹೇಳಿರಲಿಲ್ಲ. ತನ್ನ ಕಟ್ಟಳೆಯನ್ನು ತಾನೇ ಮಾಡಿಕೊಂಡಿದ್ದ. ಅಂಥ ಕಟ್ಟಳೆಗಳು ಬಹಳ ಬಿಗಿಯಾಗಿರುತ್ತವೆ.

ಎಷ್ಟು ಮೊಸರಿಗೆ ಎಷ್ಟು ನೀರು, ಎಷ್ಟು ಉಪ್ಪು, ಎಷ್ಟು ಶುಂಠಿ ಎಂದು ತಾಯಿಯನ್ನು ಕೇಳಿ ತಿಳಿದುಕೊಂಡ. ಆ ಅಳತೆಯನ್ನು ಒಂದು ದಿನವೂ ಮೀರಲಿಲ್ಲ. ಗಡಿಗೆಯನ್ನು ನೆರಳಿನ ಅಂಚಿಗೆ ಇಟ್ಟು, ತಾನು ಬರಿತಲೆಯಲ್ಲಿ ಬಿಸಿಲಿಗೆ ನಿಂತು, ಬಂದವರಿಗೆ ಹುಯ್ದು ಕೊಟ್ಟ. ಹಿಂದೆ ಮರದಲ್ಲಿ ಕೋಗಿಲೆ ಕೂಗಿದರೆ ಅತ್ತ ಕಿವಿಗೊಡಲಿಲ್ಲ. ಮಾವಿನಕಾಯಿಯ ಹೋಳನ್ನು ಬಂದವರ ಕೈಗೆ ಹಾಕಿ ಮುಖ ತಿರುಗಿಸಿಕೊಳ್ಳುತ್ತಿದ್ದ, ಎಲ್ಲಿ ಬಾಯಲ್ಲಿ ನೀರೂರುತ್ತದೋ ಎಂದು.

ಮೊದಮೊದಲು ಜನ ರೂಢಿಯಂತೆ ಬಂದರು. ಕುಡಿದರು, ಕೈ ಮುಗಿದರು, ಹೊರಟರು. ಕಟ್ಟೆಯ ಮೇಲೆ ಯಾರೂ ಕೂರಲಿಲ್ಲ. ಹದಿನೈದು ದಿನ ಕಳೆಯುವಷ್ಟರಲ್ಲಿ ಬರುವವರು ಕಡಿಮೆಯಾದರು. ಬಿಸಿಲೇರಿದ ಮೇಲೆ ಬಹಳ ಮಂದಿ ಕೆರೆ ಏರಿಯ ದಾರಿ ಹಿಡಿದರು. ಆ ದಾರಿ ಸುತ್ತು, ಅಲ್ಲಿ ಒಂದು ಗಿಡದ ನೆರಳೂ ಇಲ್ಲ. ವರ್ತಕ ದೂರದಿಂದಲೇ ಅವರನ್ನು ನೋಡುತ್ತಿದ್ದ. ಉಪಕಾರ ತಿಳಿಯದ ಜನ ಎಂದು ಒಳಗೊಳಗೇ ಕುದಿಯುತ್ತಿದ್ದ. ಹೊತ್ತು ಇಳಿಯುತ್ತಲೂ ಗಡಿಗೆಯನ್ನು ಹೆಗಲಿಗೇರಿಸಿಕೊಂಡು ಹೊಲಗಳತ್ತ ಓಡುತ್ತಿದ್ದ. ಕೆಲಸದವರ ಮುಂದೆ ನಿಂತು ಒಂದು ಲೋಟ ಕುಡಿಯಿರಿ ಎಂದು ಅಂಗಲಾಚುತ್ತಿದ್ದ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಪಾಪ ಎಂದು ಕುಡಿದು ಮುಗಿಸುತ್ತಿದ್ದರು. ಕೊಡುವವನು ಬೇಡುವುದು, ಬಾಯಾರಿದವರು ದಾಕ್ಷಿಣ್ಯಕ್ಕೆ ಕುಡಿಯುವುದು ಲೋಕದಲ್ಲಿ ಹೆಚ್ಚಾಗಿ ಕಾಣುವ ಸಂಗತಿಯಲ್ಲ.

ಹೀಗೆ ಐವತ್ತು ದಿನ ಕಳೆಯಿತು. ಇನ್ನು ಒಂಬತ್ತು ದಿನ ದಾಟಿದರೆ ವ್ರತ ಮುಗಿಯುತ್ತಿತ್ತು.

ಐವತ್ತೊಂದನೆಯ ದಿನ ಒಬ್ಬರೂ ಬರಲಿಲ್ಲ. ಹೊತ್ತು ಇಳಿಮುಖವಾದರೂ ಗಡಿಗೆ ತಂದಾಗ ಇದ್ದಷ್ಟೇ ತುಂಬಿತ್ತು. ಆಗ ಮೊರ, ಬುಟ್ಟಿ ಹೆಣೆದು ಮಾರುವ ಒಬ್ಬ ಮುದುಕಿ ತಲೆಯ ಮೇಲೆ ಹೊರೆ ಹೊತ್ತು ಬಂದಳು. ವರ್ಷಕ್ಕೊಮ್ಮೆ ಈ ದಾರಿಯಲ್ಲಿ ಬರುವವಳು. ತಂದೆಯ ಕಾಲದಿಂದ ಪರಿಚಯದವಳು. ವರ್ತಕ ಓಡಿಹೋಗಿ ಹೊರೆ ಇಳಿಸಿ ಮಜ್ಜಿಗೆ ಕೊಟ್ಟ. ಅವಳು ಒಂದು ಗುಟುಕು ಕುಡಿದಳು. ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು ಕಷ್ಟದಿಂದ ನುಂಗಿದಳು. ಲೋಟ ಕೆಳಗಿಟ್ಟು ಮತ್ತೆ ಹೊರೆಗೆ ಕೈ ಹಾಕಿದಳು.

ವರ್ತಕನಿಗೆ ತಡೆಯಲಾಗಲಿಲ್ಲ. “ಏನಜ್ಜಿ, ಇಷ್ಟೇನಾ? ನಮ್ಮಪ್ಪ ಇದ್ದಾಗ ಇಲ್ಲಿ ಕೂತ್ರೆ ಏಳ್ತಿರ್ಲಿಲ್ಲ ನೀನು. ನಾನೇನು ಕಮ್ಮಿ ಮಾಡಿದೀನಿ?” ಎಂದ.

“ಕಮ್ಮಿ ಏನೂ ಮಾಡಿಲ್ಲ ಶೆಟ್ಟರೇ. ಒಂದು ದಿನನಾದ್ರೂ ಇದನ್ನ ನೀವು ಕುಡಿದು ನೋಡಿದೀರಾ?”

“ಕೊಡೋ ಪದಾರ್ಥನ ಕೊಡೋನು ಬಾಯಿಗೆ ಹಾಕ್ಬಾರ್ದು.”

“ನಿಮ್ಮಪ್ಪ ಹಾಕೋರು. ಹುಳಿ ಬಂದಿದ್ರೆ ನೀರು ಬೆರೆಸೋರು, ಸಪ್ಪೆ ಇದ್ರೆ ಉಪ್ಪು ಹಾಕೋರು. ಅದೂ ಹೋಗ್ಲಿ ಬಿಡಿ, ಬಾಯಾರಿದೋರು ಹುಳಿನೂ ಕುಡೀತಾರೆ. ನೀವು ಹಿಂಗೆ ಬಿಸಿಲಲ್ಲಿ ಬೇಯ್ತಾ ನಿಂತಿದ್ರೆ ನಾವು ಕಣ್ಣೆದುರಿಗೇ ನೆರಳಲ್ಲಿ ಕಾಲು ಚಾಚೋದು ಹೆಂಗೆ? ಏನೋ ತಪ್ಪು ಮಾಡ್ದಂಗಾಗ್ತದೆ.”

ಹೀಗೆಂದು ಮುದುಕಿ ಹೊರೆ ಹೊತ್ತು ಹೊರಟುಹೋದಳು.

ವರ್ತಕ ಗಡಿಗೆಯ ಮುಂದೆ ನಿಂತ. ಈಗಲೂ ಹೊಲಗಳತ್ತ ಓಡಿದರೆ ಆ ದಿನ ಉಳಿಯುತ್ತಿತ್ತು. ಒಂದು ಗುಟುಕು ಕುಡಿದರೆ ಐವತ್ತು ದಿನದ ವ್ರತ ಮಣ್ಣುಪಾಲು, ಅಪ್ಪನ ಗತಿಯೂ ಅಷ್ಟೇ. ಇಪ್ಪತ್ತು ವರ್ಷ ಅಪ್ಪ ಕುಡಿದ ಮೊದಲ ಲೋಟವನ್ನು ತಾನು ಯಾವ ಕಣ್ಣಿನಿಂದ ನೋಡಿದ್ದೆ ಎಂಬುದು ಅವನಿಗೆ ಆಗ ಹೊಳೆಯಿತು. ಲೋಟ ತುಂಬಿಕೊಂಡು ಬಾಯಿಗಿಟ್ಟ.

ಹಲ್ಲು ಚುಳ್ ಎನ್ನುವಷ್ಟು ಹುಳಿಯಾಗಿತ್ತು. ಯುಗಾದಿಯ ದಿನ ಹೊಂದಿದ ಅಳತೆ ವೈಶಾಖದ ಬಿಸಿಲಿಗೆ ಹೊಂದುವುದಿಲ್ಲ. ಇದು ನಾಲಗೆಗೆ ತಿಳಿಯುವ ಸಂಗತಿ. ವರ್ತಕನಿಗೆ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಅಳು ಬಂತು. ಅಪ್ಪನನ್ನು ನೆನೆದು ಅವನು ಬಹಳ ಹೊತ್ತು ಅತ್ತ.

ಆಮೇಲೆ ಮುಖ ತೊಳೆದುಕೊಂಡು ಗಡಿಗೆಗೆ ನೀರು ಬೆರೆಸಿ ರುಚಿ ನೋಡಿದ. ಉಪ್ಪು ಹಾಕಿ ಮತ್ತೆ ನೋಡಿದ. ಮೂರನೆಯ ಸಲಕ್ಕೆ ಹದವಾಯಿತು. ಗಡಿಗೆಯನ್ನು ಒಳಕ್ಕೆ ಸರಿಸಿ, ತಾನೂ ನೆರಳಿಗೆ ಹೋಗಿ ಕಟ್ಟೆಯ ಮೇಲೆ ಕೂತು ಒಂದು ತುಂಬಿದ ಲೋಟ ಕುಡಿದ. ಗಾಳಿ ಬಂತು, ನಾಲ್ಕು ಹೂ ಉದುರಿದವು. ಅವನಿಗೆ ಹಿತವಾಯಿತು.

ಸಂತೆಯಿಂದ ಒಂದು ಗಾಡಿ ಬರುತ್ತಿತ್ತು. ಕೆರೆ ಏರಿಯ ಕಡೆ ತಿರುಗಬೇಕಿದ್ದ ಗಾಡಿಯವನು, ಕಟ್ಟೆಯ ಮೇಲೆ ಕಾಲು ಚಾಚಿ ಬಾಯಿ ಒರೆಸಿಕೊಳ್ಳುತ್ತಿದ್ದವನನ್ನು ಕಂಡು ಈ ಕಡೆ ಬಂದ. ಎತ್ತುಗಳ ಕೊರಳ ಹಗ್ಗ ಬಿಚ್ಚಿದ. ಏನೂ ಕೇಳದೆ ಪಕ್ಕದಲ್ಲಿ ಕೂತು ಎರಡು ಲೋಟ ಕುಡಿದ, ಮೂರನೆಯದಕ್ಕೂ ಲೋಟ ಚಾಚಿದ. ಹೊತ್ತು ಮುಳುಗಿದಾಗ ಗಡಿಗೆಯಲ್ಲಿ ಇನ್ನೂ ಬೇಕಾದಷ್ಟು ಉಳಿದಿತ್ತು. ವರ್ತಕ ಅದನ್ನು ಮನೆಗೆ ಒಯ್ದು ತಾಯಿಗೂ ಒಂದು ಲೋಟ ಕೊಟ್ಟ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ವ್ರತ ಮೂರು ರೀತಿಯಲ್ಲೂ ಮುರಿಯಿತು ಗುರುಗಳೇ. ಹಾಗಾದರೆ ಆ ತಂದೆಗೆ ಸ್ವರ್ಗದ ಸುಖ ತಪ್ಪಿಹೋಯಿತೇ?” ಎಂದು ಕೇಳಿದ.

“ಮಗ ಬಿಸಿಲಲ್ಲಿ ನಿಂತಿರುವಷ್ಟು ದಿನ ಯಾವ ತಂದೆಗೆ ಸ್ವರ್ಗ ಸುಖವಾದೀತು?” ಎಂದರು ಗುರುಗಳು.