ಹೊನ್ನಜ್ಜಿ ಮತ್ತು ಹದಿನೆಂಟರ ಜಟ್ಟಿ

ಹೊಳೆದಂಡೆಯ ಆಶ್ರಮದಲ್ಲಿ ಚಿಕ್ಕಲಿಂಗಯ್ಯ ಗುರುಗಳು ಪಾಠಕ್ಕಿಂತ ಹೆಚ್ಚಾಗಿ ಆಟವನ್ನೇ ಆಡಿಸುತ್ತಿದ್ದರು. ಕಥೆಯಾಟ. ಗುರುಗಳು ಕಾಡನ್ನೋ ಗುಹೆಯನ್ನೋ ಬಾಯಲ್ಲೇ ಕಟ್ಟುವುದು, ಶಿಷ್ಯರು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಅದರೊಳಗೆ ಹೋಗುವುದು. ಏನು ಮಾಡುತ್ತೀರಿ ಅಂತ ಹೇಳಬೇಕು. ಆಗುತ್ತೋ ಇಲ್ಲವೋ ಅನ್ನುವ ಕಡೆ ದಾಳ ಎಸೆಯಬೇಕು.

ಹಿರಿಯ ಶಿಷ್ಯ ರೇವಣ್ಣ ಪೇಟೆಯಿಂದ ಹೊಸ ಕಾಲದ ನಿಯಮಗಳ ಪುಸ್ತಕವೊಂದನ್ನು ತಂದ. ದಪ್ಪನೆಯ ಬಣ್ಣದ ಪುಸ್ತಕ. ಅದರಲ್ಲಿ ಎಲ್ಲರೂ ಹುಟ್ಟುತ್ತಲೇ ಶೂರರು. ಸಾಯಬೇಕೆಂದರೂ ಸಾಯುವುದು ಕಷ್ಟ!

ಗುರುಗಳು ಪೂರ್ತಿ ಓದಿದರು.

"ಚೆನ್ನಾಗಿದೆ ಕಣೋ. ಇದನ್ನೇ ಆಡೋಣ. ಜೊತೆಗೆ ನಮ್ಮ ಮನೆಯ ಕಟ್ಟಳೆ ಒಂದಿಷ್ಟು ಇರಲಿ."

"ಯಾಕೆ ಗುರುಗಳೇ?"

"ನಾವು ಆಡೋ ಕಾಲದಲ್ಲಿ ಗುಹೆಯ ಬಾಗಿಲು ತೆಗೆಯೋಕೆ ಕೈ ನಡುಗೋದು. ಈ ಪುಸ್ತಕದಲ್ಲಿ ಆ ನಡುಕ ಕಾಣಲಿಲ್ಲ."

ಕಟ್ಟಳೆ ಇಷ್ಟೇ. ಪಾತ್ರದ ಬಲ ದಾಳ ಬಿದ್ದ ಹಾಗೆ, ಆರಿಸಿಕೊಳ್ಳುವ ಹಾಗಿಲ್ಲ. ಸತ್ತವರು ಸತ್ತರು, ಎಬ್ಬಿಸುವ ಹಾಗಿಲ್ಲ. ಕೇಳಿದಾಗ ಬಾಯಿಬಿಟ್ಟು ಹೇಳದವರ ಪಾತ್ರ ನಿಂತಲ್ಲೇ ನಿಂತಿರುತ್ತದೆ.

ರೇವಣ್ಣನಿಗೆ ಮೂರು ದಾಳದಲ್ಲೂ ಆರು ಬಿತ್ತು. ಹದಿನೆಂಟು! ಜಟ್ಟಿ ಮಾಡಿಕೊಂಡ. ಕಿರಿಯ ಶಿಷ್ಯೆ ದಾಕ್ಷಾಯಿಣಿಗೆ ಬಿದ್ದದ್ದು ನಾಲ್ಕು. ಅವಳು ನಕ್ಕು, ಕಾಲು ಎಳೆದು ನಡೆಯುವ ಉಪ್ಪು ಮಾರುವ ಮುದುಕಿ ಮಾಡಿಕೊಂಡಳು. ಹೊನ್ನಜ್ಜಿ ಅಂತ ಹೆಸರಿಟ್ಟಳು.

ಆಟದ ಗುಹೆಯಲ್ಲಿ ಜಟ್ಟಿ ಬಾಗಿಲು ಒಡೆದ. ಇನ್ನೊಂದು ಬಾಗಿಲು ಒಡೆದ.

ಹೊನ್ನಜ್ಜಿ ನೆಲಕ್ಕೆ ಉಪ್ಪು ಚೆಲ್ಲಿ, ಕಣ್ಣಿಗೆ ಕಾಣದ ಪಿಶಾಚಿಯ ಹೆಜ್ಜೆ ಕಂಡುಹಿಡಿದಳು. ಆಮೇಲೆ ಅದೇ ಪಿಶಾಚಿಯ ಹತ್ತಿರ, "ಉಪ್ಪಿಲ್ಲದೆ ಎಷ್ಟು ದಿನ ಉಂಡೆಯಪ್ಪಾ?" ಅಂತ ಕೇಳಿದಳು. ಅದು ಅತ್ತುಬಿಟ್ಟಿತು. ದಾರಿಯನ್ನೂ ಬಿಟ್ಟಿತು.

ಆಟ ಮುಗಿದ ಮೇಲೆ ಅಡುಗೆಮನೆಯಲ್ಲೂ ಹೊನ್ನಜ್ಜಿಯದೇ ಮಾತು. ಪಾತ್ರೆ ತೊಳೆಯುವವರೂ, "ಇವತ್ತು ಅಜ್ಜಿ ಏನು ಮಾಡಿದಳು?" ಅಂತ ಕೇಳುವವರೇ. ಜಟ್ಟಿ ಇದ್ದಾನೋ ಸತ್ತನೋ, ಯಾರಿಗೆ ಬೇಕಿತ್ತು? ರೇವಣ್ಣ ಹೊಟ್ಟೆಕಿಚ್ಚಿನಲ್ಲಿ ಬೆಂದ. ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದ.

ತಡೆಯಲಾರದೆ ಗುರುಗಳ ಹತ್ತಿರ ಹೋದ.

"ಅವಳಿಗೆ ಒಳ್ಳೆ ಪಾತ್ರ ಸಿಕ್ಕಿಬಿಟ್ಟಿದೆ ಗುರುಗಳೇ."

"ನಾಲ್ಕರ ಬಲದ ಮುದುಕಿ?"

"ಎಲ್ಲರ ಕಣ್ಣೂ ಆ ಮುದುಕಿ ಮೇಲೇ ಅಲ್ಲವೇ!"

"ನಿನಗೆ ಬೇಕಾ?"

"ಬೇಕು."

ಗುರುಗಳು ದಾಕ್ಷಾಯಿಣಿಯನ್ನು ಕರೆದು ಪಾತ್ರದ ಹಾಳೆ ಅದಲುಬದಲು ಮಾಡಿಸಿದರು. ಅವಳು ಒಂದು ಗಳಿಗೆ ಹಾಳೆ ಬಿಡಲಿಲ್ಲ.

"ಅಣ್ಣ, ಜೋಪಾನ. ಅಜ್ಜಿಗೆ ಮೆಟ್ಟಿಲು ಇಳಿಯೋಕಾಗಲ್ಲ. ಯಾರಾದರೂ ಕೈ ಹಿಡೀಬೇಕು."

ಮಧ್ಯಾಹ್ನ ಹೊಂಗೆಮರದ ಕೆಳಗೆ ಆಟ ಶುರುವಾಯಿತು. ಗುಹೆಯೊಳಗೆ ಮೆಟ್ಟಿಲು, ಕೆಳಗೆಲ್ಲ ಕತ್ತಲೆ.

"ಜಟ್ಟಿ ಕುಕ್ಕರಗಾಲಲ್ಲಿ ಕೂತ್ಕೊಳ್ತಾನೆ," ಅಂದಳು ದಾಕ್ಷಾಯಿಣಿ. "ಅಜ್ಜೀ, ನನ್ನ ಬೆನ್ನು ಹತ್ತಿ, ಅಂತಾನೆ."

ಸುತ್ತ ಕೂತವರು ಚಪ್ಪಾಳೆ ತಟ್ಟಿದರು. ಇಷ್ಟು ದಿನ ಬಾಗಿಲು ಒಡೆಯುವುದೊಂದೇ ಗೊತ್ತಿದ್ದ ಜಟ್ಟಿ! ರೇವಣ್ಣ ಮುಖ ತಿರುಗಿಸಿದ.

"ಬೇಡ. ಅಜ್ಜಿ ತಾನೇ ಇಳೀತಾಳೆ."

ಜಟ್ಟಿ ಗದೆ ಕೆಳಗಿಟ್ಟು ದೀವಟಿಗೆ ಹಿಡಿದ. ಹಾದಿಯುದ್ದಕ್ಕೂ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದ, ಕತ್ತಲೆಗೆ ಹೆದರಿ ತಾನೇ ಹಾಡು ಹೇಳಿಕೊಂಡ. ಎಲ್ಲರೂ ಬಿದ್ದು ಬಿದ್ದು ನಕ್ಕರು. ರೇವಣ್ಣ ಅವಳ ಬಾಯನ್ನೇ ನೋಡುತ್ತ ಕೂತ. ಇವನು ನನ್ನ ಜಟ್ಟಿ, ನನ್ನ ಹದಿನೆಂಟು, ಇವಳ ಕೈಗೆ ಹೋಗಿ ಕುಣೀತಿದ್ದಾನಲ್ಲ!

"ತಲೆ ಮೇಲೆ ಬಂಡೆ ಅಲ್ಲಾಡ್ತಿದೆ," ಅಂದರು ಗುರುಗಳು. "ಅಜ್ಜಿ ಏನು ಮಾಡ್ತಾಳೆ?"

ರೇವಣ್ಣನ ಕಣ್ಣು ದಾಕ್ಷಾಯಿಣಿಯ ಮೇಲೆಯೇ ಇತ್ತು.

"ರೇವಣ್ಣ, ಅಜ್ಜಿ ಏನು ಮಾಡ್ತಾಳೆ?"

ಅವನಿಗೆ ಕೇಳಿಸಲೇ ಇಲ್ಲ. ಪಕ್ಕದವನು ಮೊಣಕೈಯಿಂದ ತಿವಿದ. ಅಷ್ಟರಲ್ಲಿ ಗುರುಗಳು ಎಲ್ಲರ ಎದುರಿಗೇ ದಾಳ ಎಸೆದಿದ್ದರು.

"ಬಂಡೆ ಬಿತ್ತು. ನಿಂತಲ್ಲೇ ನಿಂತಿದ್ದ ಹೊನ್ನಜ್ಜಿ ಹೋದಳು."

ದಾಕ್ಷಾಯಿಣಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಇನ್ನೊಬ್ಬ ಎದ್ದು ಹೊಳೆಯ ಕಡೆ ನಡೆದುಬಿಟ್ಟ.

ನಿಜ ಹೇಳಬೇಕೆಂದರೆ ರೇವಣ್ಣನಿಗೆ ಒಳಗೊಳಗೇ ಖುಷಿಯಾಯಿತು. ಅವಳ ಅಜ್ಜಿ ಇನ್ನಿಲ್ಲ! ಆದರೆ ಎಲ್ಲರೂ ದಾಕ್ಷಾಯಿಣಿಯ ಸುತ್ತಲೇ ಸೇರಿದರು. ಅವಳು ಬಿಕ್ಕುತ್ತಲೇ, "ಜಟ್ಟಿ ಬಂಡೆ ಎತ್ತುತ್ತಾನೆ," ಅಂದಳು. "ಅಜ್ಜಿ ತಲೆ ತೊಡೆ ಮೇಲೆ ಇಟ್ಕೊಳ್ತಾನೆ." ಕೇಳಿದವರೆಲ್ಲ ಕಣ್ಣು ಒರೆಸಿಕೊಂಡರು. ಸಾವೂ ಅವಳ ಪಾಲಿಗೇ ಹೋಯಿತಲ್ಲ, ಅನ್ನಿಸಿತು ರೇವಣ್ಣನಿಗೆ.

"ಗುರುಗಳೇ, ನನ್ನ ಜಟ್ಟಿ ನನಗೆ ವಾಪಸ್ ಕೊಡಿಸಿಬಿಡಿ. ಎಷ್ಟಾದರೂ ಆ ಹದಿನೆಂಟರ ದಾಳ ಎಸೆದವನು ನಾನು."

ಗುರುಗಳು ಹೊನ್ನಜ್ಜಿಯ ಹಾಳೆಯನ್ನು ಎತ್ತಿ ಅವನ ಮಡಿಲಲ್ಲಿ ಇಟ್ಟರು.

"ಕೊಡಿಸ್ತೀನಪ್ಪ. ಮೊದಲು ನಿನ್ನ ಕೈಯಲ್ಲಿ ಸತ್ತವಳನ್ನ ಮಣ್ಣು ಮಾಡಿ ಬಾ."